ಗಾಮಾ ಸೀಕ್ರಿಟೇಸ್ ಅನ್ನು ಮೆದುಳಿನ ಶತ್ರುವೆಂದು ಬರೆಯುವುದು ಸರಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಲ್ಝೈಮರ್ ಕಾಯಿಲೆಯ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಮುಪ್ಪಿನಲ್ಲಿ ಬರುವ ಮರೆವನ್ನೆಲ್ಲ ಅರವತ್ತರ ಅರಳುಮರಳು ಎಂದು ತಳ್ಳಿಹಾಕುವ ನಮ್ಮ ರೂಢಿಯನ್ನು ಪ್ರಶ್ನಿಸಿ, ಅದರ ಹಿಂದೆ ಒಂದು ರೋಗವಿರಬಹುದೆಂದು ತಿಳಿಯಹೇಳಿದ ಲೇಖಕರಿಗೆ ನಾನು ಋಣಿಯಾಗಿದ್ದೇನೆ. ಆದರೆ ಅದೇ ಲೇಖನದಲ್ಲಿ, ಮೆದುಳಿನ ಜೀವಕೋಶಗಳ ಪೊರೆಯಲ್ಲಿರುವ ಗಾಮಾ ಸೀಕ್ರಿಟೇಸ್ ಎಂಬ ಕಿಣ್ವವೇ ಈ ರೋಗದ ಮೂಲವೆಂದೂ, ಅದನ್ನು ತಡೆದುಬಿಟ್ಟರೆ ಮರೆವು ನಿಲ್ಲುತ್ತದೆಂದೂ ಬರೆಯಲಾಗಿದೆ. ಆ ಕಿಣ್ವವನ್ನು ತಡೆಯುವ ಮಾತ್ರೆಯನ್ನು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು ನೋಡಿದ್ದಾಗಿದೆ. ಅವರ ಸ್ಥಿತಿ ಸುಧಾರಿಸಲಿಲ್ಲ, ಮಾತ್ರೆ ತೆಗೆದುಕೊಳ್ಳದವರಿಗಿಂತಲೂ ಹದಗೆಟ್ಟಿತು. ಈ ಸಂಗತಿಯನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಓದುಗರು ದಾರಿ ತಪ್ಪುತ್ತಾರೆಂಬ ಕಳವಳದಿಂದ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಮುಂಬಯಿಯ ಜೂನಿಯರ್ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡ ಸಂಘಗಳ ಹಿರಿಯ ನಾಗರಿಕರ ಕೂಟಗಳಿಗೆ ಆಗಾಗ ಹೋಗುತ್ತಿರುತ್ತೇನೆ. ಊರು ಬಿಟ್ಟು ಬಂದು ಹೋಟೆಲು, ಬ್ಯಾಂಕು, ಬಟ್ಟೆ ಗಿರಣಿಗಳಲ್ಲಿ ದುಡಿದು ಈಗ ಎಂಬತ್ತರ ಆಸುಪಾಸಿಗೆ ಬಂದಿರುವ ತಲೆಮಾರು ಅಲ್ಲಿ ಸೇರುತ್ತದೆ. ಲೇಖನ ಪ್ರಕಟವಾದ ಮೇಲೆ ಅದರ ಆ ಎರಡು ಸಾಲುಗಳನ್ನಷ್ಟೇ ಕತ್ತರಿಸಿ ಅಂಟಿಸಿದ ಕರಪತ್ರವೊಂದು ಈ ಬಳಗಗಳ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ; ಕೆಳಗೆ, ಗಾಮಾ ಸೀಕ್ರಿಟೇಸ್ ಅನ್ನು ಸಂಪೂರ್ಣವಾಗಿ ತಡೆಯುತ್ತದೆಂದು ಹೇಳಿಕೊಳ್ಳುವ ಒಂದು ಪುಡಿಯ ಬೆಲೆಯಿದೆ. ಅದನ್ನು ತರಿಸಲು ಹಣ ಹೊಂದಿಸುತ್ತಿರುವ ಮನೆಗಳು ನನಗೆ ಗೊತ್ತು. ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಅತ್ತೆಯವರನ್ನು ಇದೇ ರೋಗದ ಕೊನೆಯ ವರ್ಷಗಳಲ್ಲಿ ನೋಡಿಕೊಂಡವಳು ನಾನು. ಆದ್ದರಿಂದಲೇ ಆ ಕಿಣ್ವ ಏನು ಮಾಡುತ್ತದೆ, ಅದನ್ನು ತಡೆದಾಗ ಏನಾಗುತ್ತದೆ ಎಂಬುದು ಕನ್ನಡದಲ್ಲಿ, ಇದೇ ಪತ್ರಿಕೆಯಲ್ಲಿ, ವಿವರವಾಗಿ ಬರಬೇಕೆಂದು ನನಗೆ ಅನ್ನಿಸಿತು.

ಗಾಮಾ ಸೀಕ್ರಿಟೇಸ್‌ನ ಕೆಲಸ ಪ್ರೋಟೀನುಗಳನ್ನು ಕತ್ತರಿಸುವುದು. ಪ್ರೋಟೀನನ್ನು ಕತ್ತರಿಸುವುದೆಂದರೆ ರಾಸಾಯನಿಕವಾಗಿ ಅದರ ಬಂಧಕ್ಕೆ ನೀರಿನ ಅಣುವೊಂದನ್ನು ಸೇರಿಸಿ ಬಿಡಿಸುವುದು. ನಮ್ಮ ಜಠರದಲ್ಲಿ ಬೇಳೆಯ ಪ್ರೋಟೀನನ್ನು ಜೀರ್ಣಿಸುವ ಪೆಪ್ಸಿನ್ ಆಗಲಿ, ಕರುಳಿನಲ್ಲಿ ಕೆಲಸ ಮಾಡುವ ಟ್ರಿಪ್ಸಿನ್ ಆಗಲಿ ನೀರಿನಲ್ಲಿಯೇ ಇರುವುದರಿಂದ ಅವುಗಳಿಗೆ ಈ ಕೆಲಸ ಕಷ್ಟವಲ್ಲ. ಗಾಮಾ ಸೀಕ್ರಿಟೇಸ್ ಇರುವುದು ಜೀವಕೋಶದ ಪೊರೆಯೊಳಗೆ, ಅದು ಕತ್ತರಿಸುವುದೂ ಅಲ್ಲಿಯೇ. ಪೊರೆಯ ಒಳಭಾಗವೆಂದರೆ ನೀರನ್ನು ಹತ್ತಿರ ಸೇರಿಸದ ಕೊಬ್ಬಿನ ಪದರ. ಅಂಥ ಜಾಗದಲ್ಲಿ ಪ್ರೋಟೀನಿನ ಬಂಧ ಬಿಡಿಸುವ ಕಿಣ್ವವೊಂದು ಇರಬಹುದೆಂಬುದನ್ನು ಜೀವರಸಾಯನಶಾಸ್ತ್ರಜ್ಞರಲ್ಲಿ ಹಲವರು ಬಹಳ ಕಾಲ ನಂಬಲಿಲ್ಲ. 1995ರಲ್ಲಿ, ಎಳೆಯ ವಯಸ್ಸಿನಲ್ಲಿಯೇ ಅಲ್ಝೈಮರ್ ಬರುವ ಕೆಲವು ವಂಶಗಳನ್ನು ಪರಿಶೀಲಿಸುತ್ತಿದ್ದವರು ಹದಿನಾಲ್ಕನೆಯ ವರ್ಣತಂತುವಿನಲ್ಲಿ ಪ್ರೆಸೆನಿಲಿನ್-1 ಎಂಬ ಜೀನನ್ನೂ, ಅದೇ ವರ್ಷ ಒಂದನೆಯ ವರ್ಣತಂತುವಿನಲ್ಲಿ ಅದರ ಸಹೋದರ ಜೀನಾದ ಪ್ರೆಸೆನಿಲಿನ್-2ನ್ನೂ ಗುರುತಿಸಿದರು. ಆಗಲೂ ಈ ಜೀನುಗಳಿಂದ ತಯಾರಾಗುವ ಪ್ರೆಸೆನಿಲಿನ್ ಪ್ರೋಟೀನು ಏನು ಮಾಡುತ್ತದೆಂದು ತಿಳಿದಿರಲಿಲ್ಲ.

1999ರಲ್ಲಿ ಮೈಕೆಲ್ ವೋಲ್ಫ್ ಮತ್ತು ಡೆನ್ನಿಸ್ ಸೆಲ್ಕೋ ಅವರ ತಂಡ ಮಾಡಿದ ಪ್ರಯೋಗ ತುಂಬ ಸರಳ, ಆದರೆ ನಿರ್ಣಾಯಕ. ಪ್ರೆಸೆನಿಲಿನ್-1ರ ಸರಪಳಿಯಲ್ಲಿ 257ನೆಯ ಮತ್ತು 385ನೆಯ ಸ್ಥಾನಗಳಲ್ಲಿ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲಗಳಿವೆ. ಎರಡೂ ಪೊರೆಯ ಒಳಗೆ ಬರುತ್ತವೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಬದಲಿಸಿದರೂ ಗಾಮಾ ಸೀಕ್ರಿಟೇಸ್‌ನ ಕತ್ತರಿಸುವ ಕೆಲಸ ನಿಂತುಹೋಯಿತು; ಅಂದರೆ ಆ ಕಿಣ್ವದಲ್ಲಿ ಕತ್ತರಿಸುವ ಭಾಗ ಪ್ರೆಸೆನಿಲಿನ್. ಅಡಕತ್ತರಿಯ ಎರಡು ತೋಳುಗಳಲ್ಲಿ ಒಂದು ಮುರಿದರೆ ಇನ್ನೊಂದರಿಂದ ಅಡಕೆ ಹೋಳಾಗದಿರುವಂತೆ, ಆ ಎರಡು ಆಸ್ಪಾರ್ಟೇಟುಗಳು ಜೊತೆಗೂಡಿದರೆ ಮಾತ್ರ ಬಂಧ ಬಿಡುತ್ತದೆ. ಪ್ರೆಸೆನಿಲಿನ್ ಒಂಟಿಯಾಗಿ ಈ ಕೆಲಸ ಮಾಡಲಾರದೆಂಬುದು ನಂತರ ತಿಳಿಯಿತು. 2000ದಲ್ಲಿ ಅದರ ಜೊತೆಗಿರುವ ನಿಕಾಸ್ಟ್ರಿನ್ ಎಂಬ ಪ್ರೋಟೀನು ಸಿಕ್ಕಿತು. ಇಟಲಿಯ ಕಲಾಬ್ರಿಯಾ ಪ್ರಾಂತದ ನಿಕಾಸ್ಟ್ರೊ ಎಂಬ ಊರಿನ, ಈ ರೋಗವನ್ನು ತಲೆಮಾರುಗಳಿಂದ ಅನುಭವಿಸಿದ ಮನೆತನದ ನೆನಪಿಗೆ ಆ ಹೆಸರು. ಆಮೇಲೆ ಎಪಿಎಚ್-1 ಮತ್ತು ಪೆನ್-2 ಎಂಬ ಇನ್ನೆರಡು ಪ್ರೋಟೀನುಗಳು ಸೇರಿದವು. ಯೀಸ್ಟಿನಲ್ಲಿ ಈ ಕಿಣ್ವ ಸ್ವಾಭಾವಿಕವಾಗಿ ಇಲ್ಲ. 2003ರಲ್ಲಿ ಅದೇ ಯೀಸ್ಟಿಗೆ ಈ ನಾಲ್ಕು ಪ್ರೋಟೀನುಗಳ ಜೀನುಗಳನ್ನು ಸೇರಿಸಿದಾಗ ಕತ್ತರಿಸುವ ಶಕ್ತಿ ಬಂತು. ನಾಲ್ಕೂ ಬೇಕು, ನಾಲ್ಕೇ ಸಾಕು ಎಂಬುದು ಹೀಗೆ ಖಚಿತವಾಯಿತು. ನನ್ನ ವಿದ್ಯಾರ್ಥಿಗಳಿಗೆ ವಿಜ್ಞಾನದಲ್ಲಿ ಪುರಾವೆ ಎಂದರೇನೆಂದು ಹೇಳುವಾಗ ನಾನು ಪ್ರತಿವರ್ಷ ಇದೇ ಪ್ರಯೋಗವನ್ನು ವಿವರಿಸುತ್ತಿದ್ದೆ.

2015ರಲ್ಲಿ ಚೀನಾದ ಸಿಂಗ್‌ಹುವಾ ವಿಶ್ವವಿದ್ಯಾಲಯದ ಯಿಗಾಂಗ್ ಶಿ ಮತ್ತು ಸಂಗಡಿಗರು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಈ ಕಿಣ್ವದ ರಚನೆಯನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದರು. ಪೊರೆಯನ್ನು ಹಾಯುವ ಇಪ್ಪತ್ತು ಸುರುಳಿಗಳು ಅದರಲ್ಲಿವೆ: ಪ್ರೆಸೆನಿಲಿನ್‌ನದು ಒಂಬತ್ತು, ಎಪಿಎಚ್-1ರದು ಏಳು, ಪೆನ್-2ರದು ಮೂರು, ನಿಕಾಸ್ಟ್ರಿನ್‌ನದು ಒಂದು. ನಿಕಾಸ್ಟ್ರಿನ್‌ನ ಬಹುಭಾಗ ಪೊರೆಯ ಹೊರಗೆ ದಪ್ಪನಾಗಿ ಚಾಚಿಕೊಂಡಿದೆ. ಹೊರಗಿನ ತುದಿ ಉದ್ದವಾಗಿರುವ ಪ್ರೋಟೀನುಗಳು ಇದರ ಅಡ್ಡಿಯಿಂದ ಒಳಗೆ ಬರಲಾರವು. ಬೇರೊಂದು ಕಿಣ್ವ ಅವುಗಳ ಹೊರಭಾಗವನ್ನು ಮೊದಲೇ ತುಂಡರಿಸಿದ್ದರೆ ಮಾತ್ರ ಉಳಿದ ಮೋಟುತುಂಡು ಪ್ರೆಸೆನಿಲಿನ್‌ನ ಹತ್ತಿರ ಬರಲು ಸಾಧ್ಯ. ಸಿಕ್ಕಿದ್ದನ್ನೆಲ್ಲ ಕತ್ತರಿಸಿಹಾಕುವ ಕಿಣ್ವ ಇದಲ್ಲವೆಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಈಗ ಅಲ್ಝೈಮರ್‌ನ ವಿಷಯ. ನರಕೋಶಗಳ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನಿದೆ. ಅದರ ಬಹುಪಾಲನ್ನು ಆಲ್ಫಾ ಸೀಕ್ರಿಟೇಸ್ ಎಂಬ ಕಿಣ್ವವು ನಿರಪಾಯಕಾರಿಯಾದ ಸ್ಥಳದಲ್ಲಿ ಕತ್ತರಿಸುತ್ತದೆ. ಉಳಿದ ಸ್ವಲ್ಪ ಭಾಗವನ್ನು ಬೀಟಾ ಸೀಕ್ರಿಟೇಸ್ ಬೇರೆಡೆ ಕತ್ತರಿಸಿದಾಗ 99 ಅಮೈನೋ ಆಮ್ಲಗಳ ಮೋಟುತುಂಡು ಪೊರೆಯಲ್ಲಿ ನಿಲ್ಲುತ್ತದೆ. ಗಾಮಾ ಸೀಕ್ರಿಟೇಸ್ ಕೈಹಾಕುವುದು ಈ ತುಂಡಿಗೆ. ಅದು ಒಂದೇ ಏಟಿಗೆ ಕೆಲಸ ಮುಗಿಸುವುದಿಲ್ಲ. ಮೊದಲು ಪೊರೆಯ ಒಳಅಂಚಿನಲ್ಲಿ ಕತ್ತರಿಸಿ 49 ಅಥವಾ 48 ಅಮೈನೋ ಆಮ್ಲಗಳ ಉದ್ದದ ತುಂಡನ್ನು ಉಳಿಸಿಕೊಳ್ಳುತ್ತದೆ. ನಂತರ ಸಾಮಾನ್ಯವಾಗಿ ಮೂರು ಮೂರು ಅಮೈನೋ ಆಮ್ಲಗಳಂತೆ, ಕೆಲವೊಮ್ಮೆ ನಾಲ್ಕರಂತೆ ಅದನ್ನು ಮೊಟಕುಗೊಳಿಸುತ್ತ ಹೋಗುತ್ತದೆ. 49ರಿಂದ 46, 43, 40 ಎಂಬುದು ಒಂದು ದಾರಿ. 48ರಿಂದ 45, 42, 38 ಎಂಬುದು ಇನ್ನೊಂದು. ಹೀಗೆ ಹೊರಬೀಳುವ ತುಂಡುಗಳಿಗೇ ಅಮಿಲಾಯ್ಡ್ ಬೀಟಾ ಎಂದು ಹೆಸರು. 1984ರಲ್ಲಿ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ರೋಗಿಗಳ ಮೆದುಳಿನ ರಕ್ತನಾಳಗಳಿಂದ ಬೇರ್ಪಡಿಸಿ ಗುರುತಿಸಿದ್ದು ಇದನ್ನೇ. ಆರೋಗ್ಯವಂತರ ಮೆದುಳಿನಲ್ಲಿಯೂ ಇದು ಉತ್ಪತ್ತಿಯಾಗುತ್ತಲೇ ಇರುತ್ತದೆ. 40 ಅಮೈನೋ ಆಮ್ಲಗಳದ್ದು ಹೆಚ್ಚು, ಅದು ಸುಲಭವಾಗಿ ಕರಗಿಹೋಗುತ್ತದೆ. 42ರದ್ದು ಪ್ರಮಾಣದಲ್ಲಿ ಕಡಿಮೆ, ಆದರೆ ಒಂದಕ್ಕೊಂದು ಅಂಟಿಕೊಂಡು ಗಂಟುಕಟ್ಟುವ ಗುಣ ಅದಕ್ಕೆ ಹೆಚ್ಚು. ರೋಗಿಗಳ ಮೆದುಳಿನಲ್ಲಿ ಮೊದಲು ಶೇಖರವಾಗುವುದು ಮುಖ್ಯವಾಗಿ ಇದೇ.

ಲೇಖಕರು ಇಷ್ಟನ್ನು ಹಿಡಿದು, ಕತ್ತರಿಸುವುದನ್ನು ನಿಲ್ಲಿಸಿದರೆ ಅಮಿಲಾಯ್ಡ್ ನಿಲ್ಲುತ್ತದೆ ಎಂದು ತೀರ್ಮಾನಿಸಿದ್ದಾರೆ. ವಂಶಪಾರಂಪರ್ಯವಾಗಿ ರೋಗ ಬರುವ ಮನೆತನಗಳಲ್ಲಿ ಕಂಡುಬಂದ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಪ್ರೆಸೆನಿಲಿನ್-1ರಲ್ಲಿ ರೋಗಕ್ಕೆ ಕಾರಣವಾಗುವ 300ಕ್ಕೂ ಹೆಚ್ಚು ಉತ್ಪರಿವರ್ತನೆಗಳು, ಅಂದರೆ ಜೀನಿನಲ್ಲಾದ ಬದಲಾವಣೆಗಳು, ದಾಖಲಾಗಿವೆ. ಅವುಗಳಿಂದ ಕಿಣ್ವದ ಶಕ್ತಿ ಹೆಚ್ಚುತ್ತದೆಂದು ಯಾರಾದರೂ ಊಹಿಸಬಹುದು. ಆದರೆ ಬಹುಪಾಲು ಉತ್ಪರಿವರ್ತನೆಗಳಲ್ಲಿ ಕಿಣ್ವದ ಶಕ್ತಿ ಕುಗ್ಗಿರುತ್ತದೆ. ಮೊಟಕುಗೊಳಿಸುವ ಕೆಲಸ ಪೂರ್ತಿಯಾಗುವ ಮೊದಲೇ ತುಂಡು ಕಳಚಿಕೊಳ್ಳುವುದರಿಂದ, 40 ಅಥವಾ 38ಕ್ಕೆ ಇಳಿಯಬೇಕಾಗಿದ್ದದ್ದು 42, 43ರಲ್ಲಿಯೇ ಉಳಿದುಬಿಡುತ್ತದೆ. ಅಂದರೆ ಆ ಮನೆತನಗಳ ದುರಂತಕ್ಕೆ ಕಾರಣ ಕಿಣ್ವದ ಅತಿಯಾದ ದುಡಿಮೆಯಲ್ಲ, ಅದು ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದು. ಅಂಟಿಕೊಳ್ಳುವ ತುಂಡುಗಳೇ ನರಕೋಶವನ್ನು ಕೊಲ್ಲುತ್ತವೆಯೋ, ಕಿಣ್ವದ ಬೇರೆ ಕೆಲಸಗಳು ಕುಂಠಿತವಾಗುವುದೂ ಅದರಲ್ಲಿ ಪಾಲು ಪಡೆಯುತ್ತದೆಯೋ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದಿದೆ. ಬೆಳೆದ ಇಲಿಗಳ ಮುಮ್ಮೆದುಳಿನಲ್ಲಿ ಎರಡೂ ಪ್ರೆಸೆನಿಲಿನ್‌ಗಳನ್ನು ಇಲ್ಲವಾಗಿಸಿದಾಗ, ಅಮಿಲಾಯ್ಡ್ ಗಂಟುಗಳಿಲ್ಲದೆಯೇ ಅವುಗಳ ನೆನಪು ಕುಂದಿ ನರಕೋಶಗಳು ಸತ್ತವೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನನ್ನ ಅಭಿಪ್ರಾಯದಲ್ಲಿ ಈ ಒಂದು ಪ್ರಯೋಗವನ್ನು ಬಲ್ಲವರು ಯಾರೂ ಈ ಕಿಣ್ವವನ್ನು ತಡೆಯಿರಿ ಎಂದು ಅಷ್ಟು ನಿಶ್ಚಿಂತೆಯಿಂದ ಬರೆಯಲಾರರು.

ಆ ಬೇರೆ ಕೆಲಸಗಳು ಯಾವುವು? ಗಾಮಾ ಸೀಕ್ರಿಟೇಸ್ ಕತ್ತರಿಸುವ ನೂರಕ್ಕೂ ಹೆಚ್ಚು ಪ್ರೋಟೀನುಗಳು ಈಗ ಗೊತ್ತಾಗಿವೆ. ಎಪಿಪಿ ಅವುಗಳಲ್ಲಿ ಒಂದು ಮಾತ್ರ. ಅತಿ ಮುಖ್ಯವಾದದ್ದು ನಾಚ್. ಪಕ್ಕದ ಜೀವಕೋಶದಿಂದ ಸಂಕೇತ ಬಂದಾಗ ನಾಚ್‌ನ ಹೊರಭಾಗ ಮೊದಲು ಕಳಚುತ್ತದೆ. ಆಮೇಲೆ ಗಾಮಾ ಸೀಕ್ರಿಟೇಸ್ ಅದರ ಒಳತುದಿಯನ್ನು ಕತ್ತರಿಸಿ ಬಿಡುಗಡೆ ಮಾಡುತ್ತದೆ. ಆ ತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ, ಯಾವ ಜೀನುಗಳು ಕೆಲಸ ಮಾಡಬೇಕೆಂಬುದನ್ನು ಬದಲಿಸುತ್ತದೆ. ಭ್ರೂಣದಲ್ಲಿ ಅಂಗಗಳು ರೂಪುಗೊಳ್ಳುವುದು, ಕರುಳಿನ ಒಳಪದರ ಹೊಸದಾಗುತ್ತಿರುವುದು, ಚರ್ಮ ಸಮಸ್ಥಿತಿಯಲ್ಲಿರುವುದು, ರಕ್ಷಣೆಯ ಬಿಳಿ ರಕ್ತಕಣಗಳು ಬೆಳೆಯುವುದು ಈ ಸಂಕೇತವನ್ನು ಅವಲಂಬಿಸಿವೆ. ಪ್ರೆಸೆನಿಲಿನ್-1 ಇಲ್ಲದ ಇಲಿಮರಿಗಳು ಬೆನ್ನೆಲುಬು ಸರಿಯಾಗಿ ರೂಪುಗೊಳ್ಳದೆ ಹುಟ್ಟುವ ಹೊತ್ತಿಗೆ ಸಾಯುತ್ತವೆ. ಎರಡೂ ಇಲ್ಲದಿದ್ದರೆ ಗರ್ಭದಲ್ಲಿಯೇ ಸಾಯುತ್ತವೆ. ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ: ಕಂಕುಳು, ತೊಡೆಸಂದುಗಳಲ್ಲಿ ಮತ್ತೆ ಮತ್ತೆ ಕೀವುಗಟ್ಟಿ ಬಾಧಿಸುವ ಚರ್ಮರೋಗವೊಂದು ಕೆಲವು ಮನೆತನಗಳಲ್ಲಿ ಈ ಕಿಣ್ವದ ಘಟಕಗಳ ಜೀನು ಕೆಟ್ಟದ್ದರಿಂದಲೇ ಬರುತ್ತದೆಂದು 2010ರಲ್ಲಿ ಚೀನಾದ ಸಂಶೋಧಕರು ಕಂಡುಕೊಂಡರು.

ಇಷ್ಟೆಲ್ಲ ಹಿನ್ನೆಲೆಯಲ್ಲಿ ಸೆಮಗಾಸೆಸ್ಟಾಟ್ ಎಂಬ ಔಷಧದ ಕಥೆಯನ್ನು ನೋಡಬೇಕು. ಅಮೆರಿಕದ ಎಲೈ ಲಿಲ್ಲಿ ಕಂಪನಿ ತಯಾರಿಸಿದ ಈ ಮಾತ್ರೆ ಗಾಮಾ ಸೀಕ್ರಿಟೇಸ್ ಅನ್ನು ತಡೆಯುತ್ತಿತ್ತು. 2008ರಲ್ಲಿ ಆರಂಭವಾದ ಎರಡು ದೊಡ್ಡ ಪ್ರಯೋಗಗಳಿಗೆ ಒಟ್ಟು 2600ಕ್ಕೂ ಹೆಚ್ಚು ರೋಗಿಗಳು ಸೇರಿದ್ದರು. ಕೆಲವರಿಗೆ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧರಹಿತ ಗುಳಿಗೆ. 2010ರ ಆಗಸ್ಟ್‌ನಲ್ಲಿ ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. ಮಾತ್ರೆ ತೆಗೆದುಕೊಂಡವರ ಆಲೋಚನಾ ಶಕ್ತಿಯೂ, ಉಡುವ ಉಣ್ಣುವ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ಸಾಮರ್ಥ್ಯವೂ ಔಷಧರಹಿತ ಗುಳಿಗೆ ತೆಗೆದುಕೊಂಡವರಿಗಿಂತ ಕುಸಿದಿದ್ದವು; ಅವರಲ್ಲಿ ಚರ್ಮದ ಕ್ಯಾನ್ಸರ್, ಸೋಂಕುಗಳು, ತೂಕ ಇಳಿಯುವುದು ಹೆಚ್ಚಾಗಿ ಕಂಡವು. ಅದೇ ದಾರಿಯ ಇನ್ನೊಂದು ಔಷಧ ಅವಗಾಸೆಸ್ಟಾಟ್ 2012ರಲ್ಲಿ ನಿಂತಿತು. ಮನೆಯವರ ಕೈಹಿಡಿದು ಆಸ್ಪತ್ರೆಗೆ ಬಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ ಆ ಹಿರಿಯರಿಂದಾಗಿ ನಮಗೆ ಇಂದು ಈ ಉತ್ತರ ತಿಳಿದಿದೆ. ಹದಿನೈದು ವರ್ಷಗಳ ಮೇಲೆ ಅದನ್ನು ಕಾಣದವರಂತೆ ಬರೆಯುವುದು ಅವರಿಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಹಾಗೆಂದು ಈ ಕಿಣ್ವದ ಮೇಲಿನ ಸಂಶೋಧನೆ ವ್ಯರ್ಥವಾಯಿತೆಂದು ನಾನು ಹೇಳುತ್ತಿಲ್ಲ. ಕಿಣ್ವವನ್ನು ತಡೆಯದೆ, ಅದು ಮೊಟಕುಗೊಳಿಸುವ ಕೆಲಸವನ್ನು ಮುಂದುವರಿಸುವಂತೆ ಮಾಡಿ, 42ರ ಬದಲು 38ರಂಥ ಚಿಕ್ಕ ತುಂಡುಗಳು ಬರುವಂತೆ ಮಾಡಲು ಸಾಧ್ಯವೇ ಎಂಬ ಹುಡುಕಾಟ ನಡೆದಿದೆ. ಐಬುಪ್ರೊಫೆನ್‌ನಂಥ ಕೆಲವು ನೋವುನಿವಾರಕಗಳಿಗೆ ಇಂಥ ಗುಣವಿದೆಯೆಂದು 2001ರಲ್ಲಿ ಗೊತ್ತಾಯಿತು. ಆದರೆ ಆ ಜಾತಿಯ ಟಾರೆನ್‌ಫ್ಲರ್ಬಿಲ್ ಎಂಬ ಔಷಧ ದೊಡ್ಡ ಪ್ರಯೋಗದಲ್ಲಿ 2008ರಲ್ಲಿ ಸೋತಿತು. ಅದರ ಶಕ್ತಿ ತೀರ ದುರ್ಬಲವಾಗಿತ್ತು. ಈ ಸಾಲುಗಳನ್ನು ಓದಿ ಯಾರೂ ಮನೆಯ ಹಿರಿಯರಿಗೆ ಐಬುಪ್ರೊಫೆನ್ ಕೊಡಲು ಆರಂಭಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ದೀರ್ಘಕಾಲ ತೆಗೆದುಕೊಂಡರೆ ಅದು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ಅದಕ್ಕಿಂತ ಪ್ರಬಲವಾದ, ಇದೇ ತತ್ವದ ಹೊಸ ಅಣುಗಳು ಪ್ರಯೋಗಾಲಯಗಳಲ್ಲಿ ರೂಪುಗೊಂಡಿವೆ. ಇನ್ನು ಕಿಣ್ವವನ್ನು ತಡೆಯುವ ಔಷಧಕ್ಕೂ ಒಂದು ಸರಿಯಾದ ಉಪಯೋಗ ಸಿಕ್ಕಿದೆ: ಡೆಸ್ಮಾಯ್ಡ್ ಎಂಬ, ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗಿ ಬೆಳೆಯುವ ಅಪರೂಪದ ಗಡ್ಡೆಗೆ ನಿರೋಗಾಸೆಸ್ಟಾಟ್ ಎಂಬ ಮಾತ್ರೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ನವೆಂಬರ್‌ನಲ್ಲಿ ಅನುಮೋದಿಸಿತು. ಅಲ್ಲಿಯೂ ಭೇದಿ, ಚರ್ಮದ ತೊಂದರೆ, ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರಲ್ಲಿ ಅಂಡಾಶಯದ ತೊಂದರೆಗಳು ಸಾಮಾನ್ಯವಾದ್ದರಿಂದ ತಜ್ಞರ ನಿಗಾದಲ್ಲಿಯೇ ಕೊಡಬೇಕಾಗುತ್ತದೆ.

ಕೂಟಗಳಲ್ಲಿ ನನ್ನನ್ನು ಹೆಚ್ಚಾಗಿ ಕೇಳುವುದು ಇನ್ನೊಂದು ಪ್ರಶ್ನೆ. “ಟೀಚರ್, ನಮ್ಮ ಅಪ್ಪನಿಗೆ ಬಂದಿದೆ, ಈ ಜೀನು ನಮಗೂ ಬಂದಿರಬಹುದೇ?” ಎಂದು ಐವತ್ತು ದಾಟಿದ ಮಕ್ಕಳು ಆತಂಕದಿಂದ ವಿಚಾರಿಸುತ್ತಾರೆ. ಪ್ರೆಸೆನಿಲಿನ್ ಉತ್ಪರಿವರ್ತನೆಯಿಂದ ಬರುವ ಅಲ್ಝೈಮರ್ ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅದು ಬಂದರೆ ಸಾಮಾನ್ಯವಾಗಿ ಮೂವತ್ತರಿಂದ ಅರವತ್ತರೊಳಗೆ, ಒಂದೊಂದು ತಲೆಮಾರಿನಲ್ಲಿಯೂ ಹಲವರಿಗೆ ಕಾಣಿಸಿಕೊಳ್ಳುತ್ತದೆ; ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತದಲ್ಲಿ ಅಂಥ ದೊಡ್ಡ ಬಂಧುವರ್ಗವೊಂದಿದ್ದು, ಅಲ್ಲಿ ನಲವತ್ತರ ಮಧ್ಯದಲ್ಲಿಯೇ ಮರೆವು ಆರಂಭವಾಗುತ್ತದೆ. ಎಪ್ಪತ್ತೆಂಟರಲ್ಲಿ ಅಪ್ಪನಿಗೋ ಅಮ್ಮನಿಗೋ ಮರೆವು ಬಂದ ಮನೆಗೆ ಈ ಉದಾಹರಣೆ ಅನ್ವಯಿಸುವುದಿಲ್ಲ. ಆ ವಯಸ್ಸಿನ ರೋಗದಲ್ಲಿ ಎಪಿಒಇ-4ರಂಥ ಜೀನುಗಳು ಸಾಧ್ಯತೆಯನ್ನು ಹೆಚ್ಚಿಸುತ್ತವೆಯೇ ಹೊರತು ನಿರ್ಧರಿಸುವುದಿಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಇಷ್ಟು ಮನೆಗಳ ಮಕ್ಕಳೆಲ್ಲ ತಮ್ಮ ಪ್ರೆಸೆನಿಲಿನ್ ಕೆಟ್ಟಿರಬಹುದೆಂದು ಹೆದರಿ ಜೀನು ಪರೀಕ್ಷೆಗೆ ಓಡಬೇಕಾದ ಅಗತ್ಯವಿಲ್ಲ. ಎಳೆಯ ವಯಸ್ಸಿನಲ್ಲಿ ರೋಗ ಬಂದ ವಂಶದವರು ಮಾತ್ರ ನರರೋಗ ತಜ್ಞರನ್ನೂ ಜೀನು ಸಲಹೆಗಾರರನ್ನೂ ಕಂಡು, ಫಲಿತಾಂಶದ ಪರಿಣಾಮವನ್ನು ಯೋಚಿಸಿ, ಆಮೇಲೆ ನಿರ್ಧರಿಸಬೇಕು.

ಕರಪತ್ರದ ಪುಡಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಅದು ಹೇಳಿಕೊಳ್ಳುವಂತೆ ಗಾಮಾ ಸೀಕ್ರಿಟೇಸ್ ಅನ್ನು ನಿಜವಾಗಿ ಸಂಪೂರ್ಣ ತಡೆಯುವುದಾದರೆ, ಸೆಮಗಾಸೆಸ್ಟಾಟ್ ತೆಗೆದುಕೊಂಡವರಿಗೆ ಆದ ಹಾನಿ ಇದನ್ನು ತಿನ್ನುವವರಿಗೂ ಆಗಬಹುದು. ತಡೆಯುವುದಿಲ್ಲವಾದರೆ ಹಣ ಕೊಟ್ಟವರಿಗೆ ಸುಳ್ಳು ಹೇಳಿದಂತಾಯಿತು. ಎರಡರಲ್ಲಿ ಯಾವುದಾದರೂ ಅದನ್ನು ಮನೆಗೆ ತರಲು ಕಾರಣವಿಲ್ಲ. ಆ ಹಣದಿಂದ ಹಿರಿಯರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿಯ ಮಂದತನ, ಬಿ-12 ಮತ್ತು ಥೈರಾಯ್ಡ್‌ನ ಕೊರತೆಗಳನ್ನು ತಪಾಸಣೆ ಮಾಡಿಸಿದರೆ ಪ್ರಯೋಜನವಿದೆ; ಮರೆವಿನಂತೆ ತೋರುವ ಕೆಲವು ತೊಂದರೆಗಳು ಇವುಗಳಿಂದಲೂ ಬರುತ್ತವೆ, ಅವುಗಳಿಗೆ ಚಿಕಿತ್ಸೆಯೂ ಇದೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಲೇಖನದ ಆ ಎರಡು ಸಾಲುಗಳಿಗೆ ಅದೇ ಪುರವಣಿಯಲ್ಲಿ, ಅದೇ ಅಕ್ಷರಗಾತ್ರದಲ್ಲಿ ತಿದ್ದುಪಡಿಯನ್ನು ಪ್ರಕಟಿಸಬೇಕು. ಕಿಣ್ವವನ್ನು ತಡೆಯುವ ಔಷಧವನ್ನು ರೋಗಿಗಳ ಮೇಲೆ ಪ್ರಯೋಗಿಸಿದಾಗ ಏನಾಯಿತೆಂಬುದು ಅದರಲ್ಲಿ ಔಷಧದ ಹೆಸರು ಮತ್ತು ವರ್ಷದ ಸಹಿತ ಬರಲಿ. ಕರಪತ್ರವನ್ನು ಫೋನಿನಲ್ಲಿ ತೋರಿಸಿ ಸಲಹೆ ಕೇಳುವವರ ಮುಂದೆ ಇಡಲು, ಕನ್ನಡದಲ್ಲಿ ಅಚ್ಚಾದ ಒಂದು ಕಾಗದ ನಮ್ಮ ಕೂಟಗಳಿಗೆ ಈಗಲೇ ಬೇಕಾಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ,
ಡೊಂಬಿವಲಿ (ಪೂರ್ವ)